ಮಕ್ಕಳಿಗೊಂದು ಭಾನುವಾರ

ಭಾನುವಾರದ ರಜೆಯೆಂಬುದು ಸೂರ್ಯೋದಯದಂತೆ ತಾನಾಗಿ ಬರುವ ಸಂಗತಿಯೆಂದು ಇಂದು ಎಲ್ಲರೂ ಭಾವಿಸುತ್ತಾರೆ. ಆದರೆ ಒಂದು ಕಾಲದಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರಿಗೆ ಅಂಥ ದಿನವೇ ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಕಾರ್ಮಿಕರನ್ನು ಒಗ್ಗೂಡಿಸಿ, ಸಭೆಗಳನ್ನು ನಡೆಸಿ, ಸರಕಾರಕ್ಕೂ ಮಾಲೀಕರಿಗೂ ಮನವಿಗಳನ್ನು ಸಲ್ಲಿಸಿ, ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 1890ರ ಜೂನ್ 10ರಂದು ವಾರಕ್ಕೊಂದು ದಿನ, ಭಾನುವಾರ, ರಜೆ ಕೊಡುವುದೆಂದು ನಿರ್ಧಾರವಾಯಿತು. ಇಂದು ನಾವು ಅನುಭವಿಸುತ್ತಿರುವ ಬಿಡುವು ಹೀಗೆ ಹೋರಾಡಿ ಪಡೆದದ್ದು.

ಆ ದಿನದ ಬೆಲೆಯನ್ನು ಚೆನ್ನಾಗಿ ಅರಿತವರಲ್ಲಿ ಮುಂಬಯಿಯ ಕನ್ನಡಿಗರೂ ಸೇರಿದ್ದಾರೆ. ಕರಾವಳಿಯಿಂದ ಹಡಗನ್ನೇರಿ ಬಂದು, ಹೋಟೆಲುಗಳಲ್ಲಿ ತಟ್ಟೆ-ಲೋಟ ತೊಳೆದು, ಕೆಲಸ ಮುಗಿದ ಮೇಲೆ ಕನ್ನಡ ರಾತ್ರಿಶಾಲೆಗಳ ಬೆಂಚುಗಳಲ್ಲಿ ಕುಳಿತು ಓದಿದ ಹುಡುಗರ ಪೀಳಿಗೆಯೊಂದು ಈ ನಗರದಲ್ಲಿತ್ತು. ಅವರ ಮಕ್ಕಳು ಇಂದು ಬ್ಯಾಂಕುಗಳಲ್ಲಿ, ವಿಮಾ ಕಛೇರಿಗಳಲ್ಲಿ, ಗಣಕಯಂತ್ರದ ಕಂಪನಿಗಳಲ್ಲಿ ದುಡಿಯುತ್ತಿದ್ದಾರೆ. ಮೊಮ್ಮಕ್ಕಳು ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಕಲಿಯುತ್ತಿದ್ದಾರೆ. ಹೊಟ್ಟೆಬಟ್ಟೆಗೆ ಕೊರತೆಯಿಲ್ಲ. ಕೊರತೆ ಬಂದಿರುವುದು ಬಿಡುವಿಗೆ. ಅದೂ ದೊಡ್ಡವರಿಗಿಂತ ಹೆಚ್ಚಾಗಿ ಮಕ್ಕಳಿಗೆ.

ಇಂಥ ಮನೆಗಳು ಡೊಂಬಿವಲಿ, ಮೀರಾ ರೋಡ್, ನವಿ ಮುಂಬಯಿಗಳಲ್ಲಿ ಸಾವಿರಾರು. ಅವುಗಳಲ್ಲಿ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮನೆ ಡೊಂಬಿವಲಿಯಲ್ಲಿ. ತಂದೆಗೆ ಬೆಳಿಗ್ಗೆ ಏಳೂ ಇಪ್ಪತ್ತರ ಗಾಡಿ. ಮರಳುವಾಗ ರಾತ್ರಿ ಒಂಬತ್ತು. ತಾಯಿಯೂ ಕೆಲಸಕ್ಕೆ ಹೋಗುವವರು. ಮಗಳಿಗೆ ಹನ್ನೊಂದು ವರ್ಷ, ಮಗನಿಗೆ ಆರು. ಊರಿನಿಂದ ಬಂದ ಅಜ್ಜಿ ಮೂರು ತಿಂಗಳಿನಿಂದ ಮಗನ ಮನೆಯಲ್ಲಿದ್ದಾರೆ. ವಾರದ ಐದು ದಿನ ಈ ಐವರು ಒಟ್ಟಿಗೆ ಕುಳಿತು ಉಣ್ಣುವುದಿಲ್ಲ. ಆದ್ದರಿಂದ ಎಲ್ಲರ ಕಣ್ಣೂ ಶನಿವಾರ, ಭಾನುವಾರಗಳ ಮೇಲೆ.

ಎರಡು ದಿನಗಳ ದಿನಚರಿ

ಶನಿವಾರ ಬೆಳಿಗ್ಗೆ ಆರೂವರೆಗೆ ಮಗಳನ್ನು ಎಬ್ಬಿಸಲಾಗುತ್ತದೆ. ಎಂಟು ಗಂಟೆಗೆ ಗಣಿತದ ವಿಶೇಷ ತರಗತಿ, ಹತ್ತೂವರೆಗೆ ಚಿತ್ರಕಲೆ. ತಮ್ಮನಿಗೆ ಅದೇ ಹೊತ್ತಿಗೆ ಇನ್ನೊಂದು ಬೀದಿಯಲ್ಲಿ ಸ್ಕೇಟಿಂಗ್. ತಾಯಿ ಒಬ್ಬರನ್ನು, ತಂದೆ ಇನ್ನೊಬ್ಬರನ್ನು ರಿಕ್ಷಾದಲ್ಲಿ ಕರೆದೊಯ್ದು, ದಾರಿಯಲ್ಲಿ ತರಕಾರಿ ಕೊಂಡು, ಹಿಟ್ಟಿನ ಗಿರಣಿಯಲ್ಲಿ ಡಬ್ಬಿ ಇಟ್ಟು, ಮನೆ ಸೇರಿ ಊಟಕ್ಕೆ ಕುಳಿತಾಗ ಎರಡೂವರೆ. ನಾಲ್ಕರಿಂದ ಆರರವರೆಗೆ ಭರತನಾಟ್ಯ. ಸಂಜೆ ಮಾಲ್‌ಗೆ ಹೋಗಿ ಮಗನಿಗೆ ಬೂಟು, ಮರುದಿನದ ನಾಮಕರಣಕ್ಕೆ ಉಡುಗೊರೆ. ಅಲ್ಲಿಯೇ ನೂಡಲ್ಸು, ಜೊತೆಗೊಂದು ತಂಪು ಪಾನೀಯ. ಮನೆಗೆ ಬಂದಾಗ ಹತ್ತೂವರೆ. ವಾರವಿಡೀ ಮಕ್ಕಳಿಗೆ ಸಮಯ ಕೊಡಲಿಲ್ಲವೆಂಬ ಅಳುಕಿನಿಂದ ತಂದೆ ತಮ್ಮ ಮೊಬೈಲನ್ನು ಅವರ ಕೈಗೆ ಕೊಡುತ್ತಾರೆ. ಸಿನಿಮಾ ಮುಗಿದು ದೀಪ ಆರಿದಾಗ ಹನ್ನೆರಡೂವರೆ.

ಭಾನುವಾರ ಮಕ್ಕಳು ಏಳುವುದು ಒಂಬತ್ತೂವರೆಗೆ. ತಿಂಡಿಗೆ ಸಮಯವಿಲ್ಲ, ಎರಡು ಬಿಸ್ಕತ್ತು, ಒಂದು ಲೋಟ ಹಾಲು. ಮಾಟುಂಗಾದಲ್ಲಿ ನೆಂಟರ ಮನೆಯ ನಾಮಕರಣ. ಅಂದು ಹಳಿಗಳ ದುರಸ್ತಿಗಾಗಿ ಮೆಗಾ ಬ್ಲಾಕ್; ನಿಲ್ಲಬೇಕಾದ ನಿಲ್ದಾಣದಲ್ಲಿ ಗಾಡಿ ನಿಲ್ಲದೆ, ದಾದರಿನಲ್ಲಿ ಇಳಿದು, ಬಸ್ಸು ಹಿಡಿದು ತಲಪಿದಾಗ ಮಗು ತೊಟ್ಟಿಲಿನಲ್ಲಿ ಹೆಸರಿಡಿಸಿಕೊಂಡು ನಿದ್ರಿಸುತ್ತಿತ್ತು. ಊಟವಾದ ಮೇಲೆ ಕನ್ನಡ ಸಂಘದ ವಾರ್ಷಿಕೋತ್ಸವದ ನಾಟಕಕ್ಕೆ ತಾಲೀಮು. ಮಗಳಿಗೆ ಅದರಲ್ಲಿ ವನದೇವತೆಯ ಪಾತ್ರ. ನಾಲ್ಕಕ್ಕೆ ಆರಂಭವಾಗಬೇಕಾದದ್ದು ಐದೂವರೆಗೆ ಆರಂಭವಾಯಿತು. ಡೊಂಬಿವಲಿಗೆ ಮರಳಿದಾಗ ಒಂಬತ್ತೂವರೆ. ಆಮೇಲೆ ನೆನಪಾಯಿತು, ಸೋಮವಾರ ಜಲಚಕ್ರದ ಪ್ರಾಜೆಕ್ಟು ಒಪ್ಪಿಸಬೇಕು! ತಾಯಿ ಕತ್ತರಿಸಿದರು, ತಂದೆ ಅಂಟಿಸಿದರು, ಮಗಳು ತೂಕಡಿಸುತ್ತ ಬಣ್ಣ ಹಚ್ಚಿದಳು. ಮಲಗಿದಾಗ ಹನ್ನೊಂದೂ ಮುಕ್ಕಾಲು. ಸೋಮವಾರ ಏಳಬೇಕಾದದ್ದು ಐದೂ ಮುಕ್ಕಾಲಿಗೆ.

ಇದರಲ್ಲಿ ಯಾವುದನ್ನು ತಪ್ಪೆನ್ನೋಣ? ಗಣಿತ ಬೇಕು, ನೃತ್ಯ ಬೇಕು, ನೆಂಟಸ್ತಿಕೆ ಬೇಕು, ಕನ್ನಡ ಸಂಘವಂತೂ ಬೇಕೇ ಬೇಕು. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಎಲ್ಲವೂ ಒಳ್ಳೆಯದೇ. ಆದರೆ ಅತಿಯಾದರೆ ಅಮೃತವೂ ವಿಷವೆಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಸೋಮವಾರದ ತಲೆನೋವು

ಸೋಮವಾರ ಮಗಳಿಗೆ ತಲೆನೋವು. ಇದು ಮೊದಲ ಸಲವೇನೂ ಅಲ್ಲ. ಎರಡು ತಿಂಗಳಿನಿಂದ ಬಹುತೇಕ ಪ್ರತಿ ಸೋಮವಾರವೂ ಇದೇ ಕಥೆ. ಶಾಲೆಗೆ ಹೋಗಲು ಮನಸ್ಸಿಲ್ಲದೆ ಹೂಡುವ ನೆಪವೆಂದು ತಂದೆ ಗದರಿದ್ದುಂಟು. ಈ ಸಲ ತರಗತಿಯಲ್ಲಿಯೇ ಆಕೆ ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋದಳೆಂದೂ, ಕರಿಹಲಗೆಯ ಮೇಲಿನದನ್ನು ಓದಲು ಕಣ್ಣು ಕಿರಿದುಮಾಡುತ್ತಾಳೆಂದೂ ಅಧ್ಯಾಪಕಿಯಿಂದ ಚೀಟಿ ಬಂತು.

ಮನೆಯ ವೈದ್ಯರು ಪರೀಕ್ಷಿಸಿದರು. ಜ್ವರವಿಲ್ಲ, ರಕ್ತದೊತ್ತಡ ಸರಿಯಾಗಿದೆ. ಮಾತ್ರೆ ಬರೆದುಕೊಡುತ್ತಾರೆಂದು ತಾಯಿ ಕಾದಿದ್ದರು. ವೈದ್ಯರು ಒಂದು ಹಾಳೆಯನ್ನು ಮುಂದಿಟ್ಟು, ‘ಅಮ್ಮಾ, ಶುಕ್ರವಾರ ರಾತ್ರಿಯಿಂದ ಸೋಮವಾರ ಬೆಳಗಿನವರೆಗೆ ಮಗು ಏನು ತಿಂದಳು, ಎಷ್ಟು ಹೊತ್ತಿಗೆ ಮಲಗಿದಳು, ಎಷ್ಟು ಹೊತ್ತು ಬಿಸಿಲಿನಲ್ಲಿ ಆಡಿದಳು, ಇದರಲ್ಲಿ ಬರೆಯಿರಿ’ ಎಂದರು.

ತಾಯಿ ಬರೆದರು. ಮೂರನೆಯ ಪ್ರಶ್ನೆಗೆ ಉತ್ತರವಿರಲಿಲ್ಲ. ಎರಡು ದಿನಗಳಲ್ಲಿ ಮಗು ಬಯಲಿನಲ್ಲಿ ಆಡಿದ ಹೊತ್ತು ಸೊನ್ನೆ.

ನಿದ್ದೆಯ ಲೆಕ್ಕ

ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, ಹದಿಮೂರರಿಂದ ಹದಿನೆಂಟರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಅಕಾಡೆಮಿಯು 2016ರಲ್ಲಿ ಪ್ರಕಟಿಸಿದ ಶಿಫಾರಸು ಹೇಳುತ್ತದೆ. ಈ ಹುಡುಗಿ ಸೋಮವಾರದಿಂದ ಗುರುವಾರದವರೆಗೆ ರಾತ್ರಿ ಹತ್ತೂವರೆಗೆ ಮಲಗಿ ಐದೂ ಮುಕ್ಕಾಲಿಗೆ ಏಳುತ್ತಾಳೆ. ಅಂದರೆ 7¼ ಗಂಟೆ. ಶುಕ್ರವಾರ 8, ಶನಿವಾರ 9, ಭಾನುವಾರ ಬರೇ 6. ವಾರಕ್ಕೆ ಒಟ್ಟು 52 ಗಂಟೆ. ಬೇಕಾದದ್ದು ಕನಿಷ್ಠ 63. ಹನ್ನೊಂದು ಗಂಟೆಗಳ ಸಾಲ. ಒಂದಿಡೀ ರಾತ್ರಿಯ ನಿದ್ದೆಗಿಂತಲೂ ಹೆಚ್ಚು!

ಶನಿವಾರ ರಾತ್ರಿ ಪೂರ್ತಿ ಒಂಬತ್ತು ಗಂಟೆ ನಿದ್ರಿಸಿದಳಲ್ಲವೆ ಎಂದು ಕೇಳಬಹುದು. ತೊಡಕಿರುವುದು ಅಲ್ಲಿಯೇ. ಮನುಷ್ಯನ ಮಿದುಳಿನಲ್ಲಿ ಸುಮಾರು ಇಪ್ಪತ್ತನಾಲ್ಕು ಗಂಟೆಗಳ ಲಯದಲ್ಲಿ ನಡೆಯುವ ಜೈವಿಕ ಗಡಿಯಾರವೊಂದಿದೆ. ಇಂಥ ಗಡಿಯಾರವು ಜೀವಕೋಶಗಳಲ್ಲಿ ನಡೆಯುವ ಬಗೆಯನ್ನು ಬಿಡಿಸಿ ತೋರಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಬೆಳಗಿನ ಬೆಳಕು ಈ ಗಡಿಯಾರವನ್ನು ಸರಿಪಡಿಸುತ್ತದೆ. ತಡರಾತ್ರಿಯ ದೀಪ ಮತ್ತು ಮೊಬೈಲಿನ ಬೆಳಕು ಮೆಲಟೋನಿನ್ ಎಂಬ ನಿದ್ರೆಯ ಸ್ರಾವವನ್ನು ತಡೆದು ಅದನ್ನು ಹಿಂದಕ್ಕೆ ತಳ್ಳುತ್ತದೆ. ವಾರದ ದಿನಗಳಲ್ಲಿ ಈ ಹುಡುಗಿಯ ನಿದ್ದೆಯ ನಡುಗಾಲ ರಾತ್ರಿ ಎರಡರ ಸುಮಾರಿಗೆ. ಶನಿವಾರ ಅದು ಬೆಳಗಿನ ಐದಕ್ಕೆ ಜಾರಿತು. ಸೌದಿ ಅರೇಬಿಯಾದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಅಂದಮೇಲೆ ಮಗು ಪ್ರತಿ ಶನಿವಾರ ಗಲ್ಫಿಗೆ ಹೋಗಿ, ಸೋಮವಾರ ಬೆಳಿಗ್ಗೆ ಮರಳಿ ಶಾಲೆಗೆ ಓಡಿದಂತಾಯಿತು. ಜರ್ಮನಿಯ ವಿಜ್ಞಾನಿ ಟಿಲ್ ರೋನೆಬರ್ಗ್ ಮತ್ತು ಸಂಗಡಿಗರು 2006ರಲ್ಲಿ ಇದನ್ನು ‘ಸೋಷಿಯಲ್ ಜೆಟ್‌ಲ್ಯಾಗ್’ ಎಂದು ಕರೆದರು. ವಿಮಾನದ ಟಿಕೇಟಿಲ್ಲದ ಪ್ರಯಾಣದ ಆಯಾಸವಿದು.

ಗಾಢನಿದ್ರೆಯಲ್ಲಿಯೇ ದೇಹದ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುತ್ತದೆ. ಹಗಲು ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳುವುದೂ ನಿದ್ರೆಯಲ್ಲಿಯೇ. ನಿದ್ದೆಗೆಟ್ಟು ಕಲಿತ ಗಣಿತವು ತೂತುಬಿದ್ದ ಕೊಡದಲ್ಲಿ ತುಂಬಿದ ನೀರಿನಂತೆ.

ಹೊಟ್ಟೆ ಮತ್ತು ಕಣ್ಣು

ಊಟ ತಪ್ಪಿಸುವುದೂ ನೀರು ಕಡಿಮೆ ಕುಡಿಯುವುದೂ ಮಕ್ಕಳಲ್ಲಿ ತಲೆನೋವಿಗೆ ಸಾಮಾನ್ಯ ಕಾರಣಗಳು. ಈ ಹುಡುಗಿ ಭಾನುವಾರ ಮಧ್ಯಾಹ್ನದವರೆಗೆ ಎರಡು ಬಿಸ್ಕತ್ತಿನ ಮೇಲೆಯೇ ಇದ್ದಳು. ಗಾಡಿಯಲ್ಲಿ ಶೌಚಕ್ಕೆ ಅನುಕೂಲವಿಲ್ಲವೆಂದು ನೀರನ್ನೂ ಕುಡಿಯಲಿಲ್ಲ. ಹಿಂದಿನ ರಾತ್ರಿಯ ತಂಪು ಪಾನೀಯದ ವಿಚಾರ ಬೇರೆ. ಕೋಲಾ ಬಗೆಯ 300 ಮಿಲಿಲೀಟರ್ ಪಾನೀಯದಲ್ಲಿ ಸಾಮಾನ್ಯವಾಗಿ ಆರು ಚಹಾ ಚಮಚೆಗಳಿಗೂ ಮಿಕ್ಕಿ ಸಕ್ಕರೆಯಿರುತ್ತದೆ. ಮೇಲೆ, ನಿದ್ದೆಗೆಡಿಸುವ ಕೆಫೀನ್. ಕಾಫಿ ಕುಡಿಯಬೇಡವೆಂದು ಮಕ್ಕಳನ್ನು ಗದರಿಸುವ ಮನೆಗಳಲ್ಲಿಯೇ ಇದನ್ನು ಧಾರಾಳವಾಗಿ ಕೊಡುವುದು ವಿಚಿತ್ರವೇ ಸರಿ.

ಮನೆಯ ಡಬ್ಬಿಗಳಲ್ಲಿರುವುದನ್ನೇ ನೆನಪಿಸಿಕೊಂಡರೆ ಸಾಕು. ಒಗ್ಗರಣೆ ಹಾಕಿದ ಅವಲಕ್ಕಿ ಹತ್ತು ನಿಮಿಷದ ಕೆಲಸ. ಮೇಲೆ ಲಿಂಬೆಹಣ್ಣು ಹಿಂಡಿದರೆ ಆಹಾರದ ಕಬ್ಬಿಣದ ಅಂಶವನ್ನು ದೇಹವು ಚೆನ್ನಾಗಿ ಹೀರಿಕೊಳ್ಳುತ್ತದೆ. ಊಟದೊಡನೆ ಚಹಾ ಕುಡಿದರೆ ಅದು ಕುಂಠಿತವಾಗುತ್ತದೆ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮಿಕ್ಕಿ ಕ್ಯಾಲ್ಸಿಯಂ ಇದೆ. ಧಾನ್ಯಗಳಲ್ಲಿ ಅದಕ್ಕೆ ಸರಿಸಾಟಿಯಿಲ್ಲ. ಪೇಟೆಯ ಬಣ್ಣದ ಡಬ್ಬಿಯ ಪುಡಿಗಿಂತ ಅಜ್ಜಿ ಕಾಯಿಸುವ ರಾಗಿಯ ಅಂಬಲಿ ಕಡಿಮೆಯದೇನಲ್ಲ.

ಇನ್ನು ಕಣ್ಣು. ವೈದ್ಯರ ಸಲಹೆಯಂತೆ ಪರೀಕ್ಷೆ ಮಾಡಿಸಿದಾಗ ಹುಡುಗಿಗೆ ಸಮೀಪದೃಷ್ಟಿಯೆಂದು ತಿಳಿಯಿತು, ಕನ್ನಡಕ ಬಂತು. ದೂರದ ಅಕ್ಷರ ಕಾಣದೆ ಕಣ್ಣನ್ನು ಕಿರಿದುಮಾಡಿ ದಣಿಯುತ್ತಿದ್ದುದೂ ತಲೆನೋವಿನ ಒಂದು ಪಾಲಾಗಿದ್ದಿರಬಹುದು. ಬಯಲಿನ ಬೆಳಕಿಗೂ ಸಮೀಪದೃಷ್ಟಿಗೂ ಸಂಬಂಧವಿದೆಯೆಂಬುದು ಈಚಿನ ದಶಕಗಳ ಮಹತ್ವದ ತಿಳಿವು. ಚೀನದ ಗ್ವಾಂಗ್‌ಝೌ ನಗರದ ಕೆಲವು ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ಶಾಲಾದಿನಗಳಲ್ಲಿ 40 ನಿಮಿಷ ಹೆಚ್ಚಾಗಿ ಹೊರಗೆ ಬಿಡಲಾಯಿತು. ಮೂರು ವರ್ಷಗಳ ಬಳಿಕ ಅವರಲ್ಲಿ ಶೇಕಡ 30.4 ಮಂದಿಗೆ ಹೊಸದಾಗಿ ಸಮೀಪದೃಷ್ಟಿ ಬಂದಿದ್ದರೆ, ಹಾಗೆ ಬಿಡದ ಶಾಲೆಗಳಲ್ಲಿ ಈ ಪ್ರಮಾಣ ಶೇಕಡ 39.5 ಆಗಿತ್ತು. ಇದು 2015ರಲ್ಲಿ ಪ್ರಕಟವಾದ ಅಧ್ಯಯನ. ಅಕ್ಕನಿಗೆ ಕನ್ನಡಕ ಬಂದಾಯಿತು. ಆರು ವರ್ಷದ ತಮ್ಮನಿಗಾದರೋ ಇನ್ನೂ ಕಾಲ ಮಿಂಚಿಲ್ಲ.

ಅಜ್ಜಿಯ ಮಾತು

ಒಂದು ತರಗತಿಯನ್ನಾದರೂ ಬಿಡಿಸಿರೆಂದು ವೈದ್ಯರು ಹೇಳಿದ್ದರು. ಆ ರಾತ್ರಿ ಮನೆಯಲ್ಲಿ ಚರ್ಚೆ ನಡೆಯಿತು. ತಂದೆಗೆ ಒಪ್ಪಿಗೆಯಾಗಲಿಲ್ಲ. ‘ಅಪ್ಪ ಹಗಲಿಡೀ ಫೋರ್ಟಿನ ಹೋಟೆಲಿನಲ್ಲಿ ಟೇಬಲು ಒರೆಸಿ, ರಾತ್ರಿ ಹತ್ತರವರೆಗೆ ಶಾಲೆಯಲ್ಲಿ ಕುಳಿತು ಓದಿದವರು. ಇಷ್ಟೆಲ್ಲ ಅನುಕೂಲವಿದ್ದೂ ನಮ್ಮ ಮಕ್ಕಳು ಬಿಟ್ಟುಬಿಡುವುದೆ?’ ಎಂದು ಕೇಳಿದರು.

ಮೂಲೆಯಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದ ಅಜ್ಜಿ ತಲೆಯೆತ್ತಿದರು. ‘ಅವರು ಹಾಗೆ ಓದಿದ್ದು ಮೊಮ್ಮಕ್ಕಳು ಹಾಗೆ ಓದಬಾರದೆಂದೇ ಅಲ್ಲವೆ ಮಗಾ?’ ಎಂದರು. ತುಸು ತಡೆದು, ‘ಭಾನುವಾರ ರಾತ್ರಿಶಾಲೆಗೆ ರಜೆಯಂತೆ. ಹೋಟೆಲಿನ ಕೆಲಸ ಮುಗಿಸಿ ಚೌಪಾಟಿಗೆ ನಡೆದು ಹೋಗಿ, ಮರಳಿನ ಮೇಲೆ ಸುಮ್ಮನೆ ಕುಳಿತಿರುತ್ತಿದ್ದರಂತೆ. ಆ ಒಂದು ಹೊತ್ತು ಇದ್ದುದರಿಂದಲೇ ಉಳಿದ ಆರು ದಿನ ತಳ್ಳಿದೆ ಎಂದು ಎಷ್ಟೋ ಸಲ ಹೇಳುತ್ತಿದ್ದರು. ನಿನ್ನ ಮಗಳಿಗೆ ಆ ಹೊತ್ತೂ ಇಲ್ಲವಲ್ಲ!’

ತಂದೆಯ ಹೋಟೆಲು, ರಾತ್ರಿಶಾಲೆ, ಅಂಕಪಟ್ಟಿಗಳ ಕಥೆಯನ್ನು ನೂರು ಸಲ ಕೇಳಿದ್ದ ಮಗ ಈ ಚೌಪಾಟಿಯ ಕಥೆಯನ್ನು ಕೇಳಿರಲಿಲ್ಲ. ಅವರು ಮತ್ತೆ ಮಾತನಾಡಲಿಲ್ಲ.

ಮರುದಿನ ಮಗಳನ್ನೇ ಕೇಳಿದರು. ಅವಳು ನೃತ್ಯವನ್ನು ಉಳಿಸಿಕೊಂಡಳು. ಚಿತ್ರಕಲೆಯ ತರಗತಿ ಬೇಡವೆಂದಳು. ಮನೆಯಲ್ಲಿಯೇ ತನಗೆ ಬೇಕಾದುದನ್ನು ಬರೆಯುವೆನೆಂದಳು. ಶನಿವಾರದ ಗಣಿತವನ್ನು ತಂದೆಯೇ ಬುಧವಾರ ಅರ್ಧ ಗಂಟೆ ಹೇಳಿಕೊಡುವುದೆಂದು ತೀರ್ಮಾನವಾಯಿತು.

ಯಾವ ಮನೆಯಲ್ಲಿಯೂ ಸಾಧ್ಯವಾಗುವ ಕ್ರಮ

ಈ ಕುಟುಂಬವು ಮಾಡಿಕೊಂಡ ಬದಲಾವಣೆಗಳು ದೊಡ್ಡವೇನಲ್ಲ. ಖರ್ಚಿನವಂತೂ ಅಲ್ಲ.

1. ರಜೆಯ ದಿನ ಏಳುವ ಹೊತ್ತು ಶಾಲೆಯ ದಿನಕ್ಕಿಂತ ಒಂದು ಗಂಟೆಗಿಂತ ಹೆಚ್ಚು ತಡವಾಗಬಾರದು. ನಿದ್ದೆ ಸಾಲದಿದ್ದರೆ ರಾತ್ರಿ ಬೇಗ ಮಲಗಬೇಕು. ವಾರದ ದಿನಗಳಲ್ಲಿಯೂ ಮಲಗುವ ಹೊತ್ತನ್ನು ಹತ್ತು ಹದಿನೈದು ನಿಮಿಷಗಳಂತೆ ಮುಂಚಿತಗೊಳಿಸುತ್ತ ಬರಬೇಕು.

2. ಮಲಗುವುದಕ್ಕೆ ಒಂದು ಗಂಟೆ ಮೊದಲೇ ಮೊಬೈಲು, ದೂರದರ್ಶನಗಳನ್ನು ಮುಚ್ಚಬೇಕು, ದೊಡ್ಡವರೂ ಸಹ. ಎರಡು ವರ್ಷದೊಳಗಿನ ಕೂಸುಗಳಿಗೆ ಪರದೆಯೇ ಕೂಡದು, ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಕೂಡದು ಎಂಬುದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ.

3. ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಬಿರುಸಾಗುವಂತೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ. ಕಟ್ಟಡದ ಅಂಗಳದಲ್ಲಿ ಕುಂಟೆಬಿಲ್ಲೆ, ಲಗೋರಿ ಆಡಿದರೂ ಸಾಕು. ತಿಂಗಳಿಗೊಮ್ಮೆ ಬೊರಿವಲಿಯ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಕಾನ್ಹೇರಿಯ ಬೌದ್ಧ ಗುಹೆಗಳ ಮೆಟ್ಟಿಲೇರಿದರೆ ಇತಿಹಾಸವೂ ಆಯಿತು, ವ್ಯಾಯಾಮವೂ ಆಯಿತು.

4. ಎಷ್ಟೇ ಅವಸರವಿದ್ದರೂ ತಿಂಡಿ ತಪ್ಪಬಾರದು. ಮನೆ ಬಿಡುವಾಗ ನೀರಿನ ಬಾಟಲಿ ಚೀಲದಲ್ಲಿರಬೇಕು.

5. ಶಾಲೆಯ ಕೆಲಸವನ್ನು ಶನಿವಾರ ಬೆಳಿಗ್ಗೆಯೇ ಮುಗಿಸಬೇಕು. ಭಾನುವಾರ ರಾತ್ರಿಗೆ ಉಳಿಸಿದ ಜಲಚಕ್ರವು ಕಣ್ಣೀರಿನಿಂದ ತುಂಬುತ್ತದೆ.

6. ವಾರಕ್ಕೆ ಎರಡು ಗಂಟೆ ಯಾವ ಕೆಲಸವನ್ನೂ ಗೊತ್ತುಪಡಿಸದೆ ಖಾಲಿ ಬಿಡಬೇಕು. ‘ಬೇಜಾರು’ ಎಂದು ಮಕ್ಕಳು ಗೊಣಗಿದರೆ ಗಾಬರಿ ಬೇಡ. ಆ ಬೇಜಾರಿನಿಂದಲೇ ಆಟವೊಂದು ಹುಟ್ಟುತ್ತದೆ.

ಒಂದು ಎಚ್ಚರಿಕೆಯ ಮಾತು. ಎಲ್ಲ ತಲೆನೋವೂ ನಿದ್ದೆಯ ಕೊರತೆಯಿಂದಲೇ ಬರುವುದಿಲ್ಲ. ನಿದ್ದೆಯಿಂದ ಎಬ್ಬಿಸುವಷ್ಟು ನೋವು, ಬೆಳಗಿನ ವಾಂತಿ, ದಿನದಿಂದ ದಿನಕ್ಕೆ ಏರುವ ನೋವು, ದೃಷ್ಟಿ ಅಥವಾ ನಡಿಗೆಯಲ್ಲಿ ವ್ಯತ್ಯಾಸ, ಜ್ವರದೊಡನೆ ಕುತ್ತಿಗೆಯ ಬಿಗಿತ, ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರನ್ನು ಕಾಣಬೇಕು. ವೈದ್ಯರನ್ನು ಕೇಳದೆ ಮಕ್ಕಳಿಗೆ ಮಾತ್ರೆ ಕೊಡಬಾರದು. ಆಸ್ಪಿರಿನ್ ಅಂತೂ ಸರ್ವಥಾ ಕೂಡದು.

ಸಂಘಗಳಿಗೂ ಒಂದು ಮಾತು

ಮಕ್ಕಳ ಬಿಡುವನ್ನು ಕಾಯುವ ಹೊಣೆ ತಂದೆತಾಯಿಗಳದ್ದಷ್ಟೇ ಅಲ್ಲ. ಪರಸ್ಥಳದಲ್ಲಿ ಕನ್ನಡ ಉಳಿಯಬೇಕಾದರೆ ಮಕ್ಕಳು ಸಂಘಕ್ಕೆ ಬರಬೇಕು. ಬರುವ ಮಕ್ಕಳನ್ನು ದಣಿಸಿ ಕಳುಹಿಸಿದರೆ ಅವರು ಎಷ್ಟು ಕಾಲ ಬಂದಾರು? ಬಣ್ಣ ಹಚ್ಚಿಕೊಂಡ ಪುಟಾಣಿಗಳು ಸ್ವಾಗತ ಭಾಷಣ, ಹಾರಾರ್ಪಣೆ, ಸನ್ಮಾನಗಳೆಲ್ಲ ಮುಗಿಯುವವರೆಗೆ ಪರದೆಯ ಹಿಂದೆ ಆಕಳಿಸುತ್ತ ಕಾಯುವ ದೃಶ್ಯ ಯಾರಿಗೆ ಅಪರಿಚಿತ? ಮಕ್ಕಳ ಕಾರ್ಯಕ್ರಮವನ್ನು ಮೊದಲಿಗಿಟ್ಟು, ತಾಲೀಮನ್ನು ಹೇಳಿದ ಹೊತ್ತಿಗೆ ಆರಂಭಿಸಿ, ಸಂಜೆ ಏಳರೊಳಗೆ ಅವರನ್ನು ಮನೆಗೆ ಕಳುಹಿಸುವುದು ಅಸಾಧ್ಯವಾದ ಕಾರ್ಯವಲ್ಲ. ಸನ್ಮಾನಿತರು ಅರ್ಧ ಗಂಟೆ ಕಾದರೆ ಕನ್ನಡಕ್ಕೆ ನಷ್ಟವಿಲ್ಲ.

ಡೊಂಬಿವಲಿಯ ಆ ಮನೆಯಲ್ಲಿ ಸೋಮವಾರದ ತಲೆನೋವು ಒಂದೇ ವಾರದಲ್ಲಿ ಮಾಯವಾಗಲಿಲ್ಲ. ಎರಡನೆಯ ವಾರ ಮತ್ತೊಂದು ಮದುವೆ ಬಂತು, ಮತ್ತೆ ರಾತ್ರಿ ತಡವಾಯಿತು, ಮತ್ತೆ ನೋವು ಬಂತು. ಆದರೆ ತಿಂಗಳು ಕಳೆಯುವಾಗ ಅದು ವಿರಳವಾಯಿತು. ಮೊದಲ ಬಿಡುವಿನ ಭಾನುವಾರ ಬೆಳಿಗ್ಗೆ ತಿಂಡಿಯ ತಟ್ಟೆಯ ಮುಂದೆ ಕುಳಿತ ಮಗ, ‘ಅಮ್ಮಾ, ಇವತ್ತು ಎಲ್ಲಿಗೆ ಹೋಗಬೇಕು?’ ಎಂದು ಕೇಳಿದ. ‘ಎಲ್ಲಿಗೂ ಇಲ್ಲ’ ಎಂದರು ತಾಯಿ. ಹುಡುಗ ನಂಬದೆ ಅಕ್ಕನ ಮುಖ ನೋಡಿದ. ಅವಳು ಮೆಲ್ಲನೆ ತಲೆಯಾಡಿಸಿದಳು. ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಚೆಂಡನ್ನು ಹುಡುಕಲು ಓಡಿದವನನ್ನು ಅಜ್ಜಿ ಕರೆದು, ಅವಲಕ್ಕಿ ಮುಗಿಸಿಸಿ, ಕೈ ತೊಳೆಸಿ ಅಂಗಳಕ್ಕೆ ಕಳುಹಿಸಿದರು.